ರೆಕಾರ್ಡಿನ ಮೇಲೆ ನಾನೆಳೆದ ಗೀರು

ಭಾವ, ಆ ರೆಕಾರ್ಡಿನ ಮೇಲೆ ಗೀರು ಎಳೆದವನು ನಾನು. ಮಾರಿದ ಅಂಗಡಿಯವನಲ್ಲ, ಅದನ್ನು ಮೊದಲು ಇಟ್ಟುಕೊಂಡಿದ್ದವರು ಯಾರೋ ಅಲ್ಲ — ನಾನೇ. ಇಷ್ಟು ವರ್ಷ ನಿಮ್ಮ ಮನೆಯಲ್ಲಿ ಉಂಡು, ನಿಮ್ಮ ಮುಖ ನೋಡುತ್ತಲೇ ಇದನ್ನು ಬಚ್ಚಿಟ್ಟಿದ್ದೇನೆ.

ತೊಂಬತ್ತರ ದಶಕದ ಆರಂಭ. ನಾನು ತೂಬಗೆರೆಯಿಂದ ಬಂದು, ದೊಡ್ಡಬಳ್ಳಾಪುರದ ನಿಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ನೀವು ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದಿರಿ. ರಜೆ ಸಿಕ್ಕರೆ ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಎಪ್ಪತ್ತರ ದಶಕದ ವಿದೇಶಿ ರಾಕ್ ರೆಕಾರ್ಡುಗಳನ್ನು ಹುಡುಕುತ್ತಿದ್ದಿರಿ. ಎಲ್ಲರೂ ಕುಣಿಯುವಂಥವಲ್ಲ — ಒಂದು ಬದಿಯ ತುಂಬ ಒಂದೇ ಹಾಡು, ಟೇಪನ್ನು ಹಿಮ್ಮುಖವಾಗಿ ಓಡಿಸಿದ ಸದ್ದು, ಮಾತಿಲ್ಲದ ದನಿ, ದಣಿಯದೆ ನಡೆಯುವ ಡ್ರಮ್ಮು. "ಮಿಕ್ಸಿ ಕೆಟ್ಟೋದಂಗೈತೆ" ಎಂದು ಅಕ್ಕ ಆಡಿಕೊಂಡರೆ ನಗುತ್ತಿದ್ದಿರಿ. ನನಗೆ ಮಾತ್ರ ಹೇಳುತ್ತಿದ್ದಿರಿ: "ಇದ್ರಲ್ಲಿ ಪಲ್ಲವಿ ಹುಡುಕ್ಬೇಡ ಕಣಯ್ಯ. ರಾಗಿ ಹೊಲದ ಮಧ್ಯೆ ನಿಂತಂಗೆ ಸುಮ್ನೆ ನಿಂತ್ಕೊ. ಎಲ್ಲಾ ಕಡೆಯಿಂದ್ಲೂ ಕೇಳಿಸ್ತದೆ."

ನನಗೂ ಕೇಳಿಸತೊಡಗಿತ್ತು. ಅದಕ್ಕೇ ಆಸೆ ತಡೆಯಲಾಗಲಿಲ್ಲವೋ ಏನೋ — ನೀವು ಹೊಸದಾಗಿ ತಂದು, ಭಾನುವಾರ ಕೇಳೋಣವೆಂದು ಎತ್ತಿಟ್ಟಿದ್ದ ರೆಕಾರ್ಡನ್ನು ಒಂದು ಮಧ್ಯಾಹ್ನ ನಾನೊಬ್ಬನೇ ಪ್ಲೇಯರಿಗೆ ಹಾಕಿದೆ. ನಾನಿಲ್ಲದಾಗ ಸೂಜಿ ಮುಟ್ಟಬೇಡ ಎಂದಿದ್ದಿರಿ. ನೀವು ನನಗೆ ಬೇಡವೆಂದದ್ದು ಅದೊಂದೇ. ಹಾಡು ಮುಗಿಯುವ ಹೊತ್ತಿಗೆ ಅಕ್ಕ ಗೇಟು ತೆಗೆದ ಸದ್ದಾಯಿತು. ಗಾಬರಿಯಲ್ಲಿ ಸೂಜಿ ಎತ್ತಲು ಹೋದೆ, ಕೈ ಜಾರಿತು. ಚರ್ ಎಂದಿತು. ಮೊದಲೇ ಗೀರುಗಳಿದ್ದ ರೆಕಾರ್ಡು, ಇನ್ನೊಂದು ಯಾರಿಗೆ ಕಾಣುತ್ತದೆ ಎಂದು ಕವರಿಗೆ ಸೇರಿಸಿಬಿಟ್ಟೆ.

ಭಾನುವಾರ ನೀವು ಹಾಕಿದಿರಿ. ಕೊನೆಯ ಹತ್ತಿರ ಸೂಜಿ ಸಿಕ್ಕಿಕೊಂಡಿತು. ಡ್ರಮ್ಮಿನ ಪೆಟ್ಟು, ಹೆಣ್ಣೊಬ್ಬಳ ಉಸಿರು; ಮತ್ತೆ ಅದೇ ಪೆಟ್ಟು, ಅದೇ ಉಸಿರು. ಬೈಗುಳಕ್ಕೆ ಕಾದು ಕೂತಿದ್ದೆ. ನೀವು ಕಣ್ಣು ಮುಚ್ಚಿದಿರಿ. ಬಹಳ ಹೊತ್ತಿನ ಮೇಲೆ, "ಎಂಥ ಎದೆಗಾರಿಕೆ ನೋಡಯ್ಯ. ಹಾಡು ಮುಗಿಸೋದನ್ನ ಕೇಳೋನ ಕೈಗೇ ಬಿಟ್ಬಿಟ್ಟವ್ರೆ!" ಎಂದಿರಿ. ನಾನೆಳೆದ ಗೀರನ್ನು ನೀವು, ಹಾಡಿದವರೇ ಬೇಕೆಂದು ಮಾಡಿದ್ದು ಎಂದುಕೊಂಡಿರಿ. ನಾನು — "ಹೌದು ಭಾವ" ಎಂದೆ. ಬೈಗುಳ ತಪ್ಪಿದ ಸಂತೋಷದಲ್ಲಿ.

ಬೆಂಗಳೂರಿನಲ್ಲಿ ಇಂಥ ಸಂಗೀತದ ಹುಚ್ಚಿದ್ದವರು ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಅಲ್ಲಿ ಮಾತಾಡುವ ಅವಕಾಶ ಬಂದಾಗ ನೀವು ಆರಿಸಿಕೊಂಡದ್ದು ಅದೇ ರೆಕಾರ್ಡು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಿರಿ. ಬಸ್ಸಿನಲ್ಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಗುನುಗುತ್ತಿದ್ದ ನಿಮ್ಮನ್ನು ನೋಡಿ ಮುಚ್ಚಿಕೊಂಡೆ.

ನೀವು ಚೆನ್ನಾಗಿಯೇ ಮಾತಾಡಿದಿರಿ. ಹಾಡನ್ನು ಮುಗಿಸದೆ ಬಿಟ್ಟ ಆ ಎದೆಗಾರಿಕೆಯನ್ನು ಹೊಗಳಿದಿರಿ. ಆಗ ಆ ಮನೆಯ ಯಜಮಾನರು ಎದ್ದು ಒಳಗಿನಿಂದ ಅದೇ ರೆಕಾರ್ಡಿನ ತಮ್ಮ ಪ್ರತಿ ತಂದು ಹಾಕಿದರು. ಅದೇ ಡ್ರಮ್ಮು, ಅದೇ ಉಸಿರು — ಅಲ್ಲಿಂದಾಚೆಗೆ ಕೊಳಲಿನಂಥ ಒಂದು ನಾದ ಎದ್ದು, ಮೆಲ್ಲಗೆ ಆರಿತು. ಹಾಡು ಮುಗಿಯಿತು.

"ಅದು ಸ್ಕ್ರಾಚ್ ಗುರು!" ಎಂದರು ಯಾರೋ. ಇಡೀ ಕೋಣೆ ನಕ್ಕಿತು. ನೀವೂ ನಗಲು ನೋಡಿದಿರಿ. ಆಮೇಲೆ ನನ್ನ ಕಡೆ ತಿರುಗಿ, "ನಿಂಗೂ ಹಂಗೇ ಅನ್ಸಿತ್ತಲ್ವೇನಯ್ಯ?" ಎಂದಿರಿ.

"ನಂಗೇನ್ ಗೊತ್ತು ಭಾವ, ನೀವ್ ಹೇಳಿದ್ರಿ ಅಂತ ನಂಬಿದ್ದೆ."

ಗೀರು ಕೈ ಜಾರಿ ಆದದ್ದು. ಈ ಮಾತು ಹಾಗಲ್ಲ. ಅದನ್ನು ತಿಳಿದೇ ಆಡಿದೆ — ಆಮೇಲೆ ಅವರ ಜೊತೆ ನಕ್ಕೆ ಕೂಡ.

ವಾಪಸ್ ಬರುವಾಗ ದೊಡ್ಡಬಳ್ಳಾಪುರ ಹತ್ತಿರವಾದಾಗ, "ಇದೆಲ್ಲಾ ನಮ್ಮಂಥೋರ್ಗಲ್ಲ ಬಿಡು" ಎಂದಿರಿ, ಅಷ್ಟೇ. ಆ ವಾರವೇ ಪ್ಲೇಯರ್ ಅಟ್ಟ ಸೇರಿತು. ರೆಕಾರ್ಡುಗಳನ್ನು ಯಾರಿಗೆ ಕೊಟ್ಟಿರೋ, ನಾನು ಕೇಳಲಿಲ್ಲ.

ಇನ್ನೊಂದೂ ಇದೆ. ಅಕ್ಕ ಇವತ್ತಿಗೂ ಹೇಳುತ್ತಾಳೆ, "ನಾನು ಆಡ್ಕೊಂಡಿದ್ದಕ್ಕೇ ಬಿಟ್ಬಿಟ್ರು ಕಣೋ." ನಾನು ತಲೆ ತಗ್ಗಿಸಿ ಅನ್ನ ಕಲಸುತ್ತೇನೆ.

ಈಗ ಆ ಸಂಗೀತ ಫೋನಿನಲ್ಲೇ ಸಿಗುತ್ತದೆ. ಕೇಳಿದ್ದೇನೆ. ಕೊನೆ ಚೆನ್ನಾಗಿಯೇ ಇದೆ. ಆದರೆ ನೀವು ಕಣ್ಣು ಮುಚ್ಚಿ ಕೇಳಿದ್ದು ಅದಕ್ಕಿಂತ ದೊಡ್ಡದೇನೋ ಆಗಿತ್ತು ಎಂದು ಅವತ್ತು ಆ ಕೋಣೆಯಲ್ಲಿ ಹೇಳಬಲ್ಲವನು ನಾನೊಬ್ಬನೇ ಇದ್ದೆ. ಹೇಳಲಿಲ್ಲ.

ಹುಡುಗನಾಗಿದ್ದೆ ಎನ್ನುವುದು ನೆಪ. ಆಮೇಲೆ ಹುಡುಗನಾಗಿರಲಿಲ್ಲವಲ್ಲ. ನಾಳೆ ಮನೆಗೆ ಬರುತ್ತೇನೆ. ಮೊದಲು ಅಕ್ಕನಿಗೆ ಹೇಳುತ್ತೇನೆ, ನಿಮ್ಮೆದುರಿಗೇ. ನೀವು ಒಂದು ಮಾತೂ ಆಡದೆ ಎದ್ದು ಹೋದರೂ ನಾನು ಅಲ್ಲೇ ಕೂತಿರುತ್ತೇನೆ, ಭಾವ.