ಕುಂಟ ಕುರಿಗೆ ಅರ್ಧ ದಂಟು

ಮೊನ್ನೆ ಟ್ರಂಕಿನ ತಳದಲ್ಲಿದ್ದ ಕರಿಯ ಕಂಬಳಿಯನ್ನು ಬಿಸಿಲಿಗೆ ಹಾಕೋಣವೆಂದು ಬಿಚ್ಚಿದೆ. ಉಣ್ಣೆ, ಹುಣಸೆಬೀಜದ ಗಂಜಿ, ಒಂದಿಷ್ಟು ಹೊಗೆ, ಒಂದಿಷ್ಟು ಕುರಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಹಟ್ಟಿಯ ಇದೇ ಪಡಸಾಲೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ದಿನಗಳಿಗೆ ಹೋಗಿಬಿಟ್ಟೆ. ಎದುರಿಗೆ ಪಕ್ಕದ ಮನೆಯ ಕಾಕಾ, ನಡುವೆ ಹಲಗೆಯ ಮೇಲೆ ಹಾಸಿದ ಈ ಕಂಬಳಿ, ಕಂಬಳಿಯ ಮೇಲೆ ನಮ್ಮಿಬ್ಬರ ಸೈನ್ಯ.

ಆಗ ನಾನು ರಬಕವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಚಿಮ್ಮಡದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕುವ ಅವಸರದಲ್ಲಿ ಸ್ಕೂಟಿಯಿಂದ ಬಿದ್ದು ಕಾಲು ಮುರಿದುಕೊಂಡೆ. ಅವಸರ ನನ್ನ ಹುಟ್ಟುಗುಣ, ಸಿಟ್ಟು ಅದರ ಜೋಡಿ. ಅಂಥವಳನ್ನು ತಿಂಗಳುಗಟ್ಟಲೆ ಕಾಟಿನ ಮೇಲೆ ಕೂರಿಸಿದರೆ ಏನಾದೀತು? ಅವ್ವನ ತಲೆ ತಿಂದೆ, ಮೊಬೈಲ್ ತಿಕ್ಕಿದೆ. ಹಾಗೆ ತಿಕ್ಕುವಾಗಲೇ ಕಣ್ಣಿಗೆ ಬಿದ್ದದ್ದು ಆ ಆಟ. ಯಾವುದೋ ದೇಶದ ದೊಡ್ಡ ದೊಡ್ಡ ಗಂಡಸರು ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಹಾಕಿ ಯುದ್ಧ ಮಾಡುತ್ತಿದ್ದರು. ನನಗೆ ಹುಚ್ಚು ಹಿಡಿಯಿತು. ಪ್ಲಾಸ್ಟಿಕ್ ಕುದುರೆ ಸವಾರರನ್ನು ತರಿಸಿಕೊಂಡು ಉಗುರಿನ ಬಣ್ಣ ಬಳಿದು ಹಳೆಯ ಸಂಸ್ಥಾನವೊಂದರ ಕುದುರೆ ದಂಡು ಕಟ್ಟಿದೆ. ಕೆಂಪು ಪೇಟ, ಬಂಗಾರದ ಜೀನು, ನೋಡಲು ಭಾರಿ ಚೆಂದ! ಎದುರಾಳಿ ಮಾತ್ರ ಇರಲಿಲ್ಲ. ಅವ್ವನನ್ನು ಕೇಳಿದರೆ, "ನನಗ ರೊಟ್ಟಿ ಬಡಿಯೂದೈತಿ, ನಿನ್ನ ಕುದರಿ ನೀನಾ ಓಡಿಸ್ಕೋ" ಎಂದು ಒಳಗೆ ಹೋದಳು.

ಕಾಲು ಹೇಗಿದೆ ಎಂದು ಕೇಳಲು ಬಂದ ಕಾಕಾ ಸಿಕ್ಕಿಬಿದ್ದರು. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಹಣೆಯಲ್ಲಿ ಬೀರಪ್ಪನ ಭಂಡಾರ. ಜೀವಮಾನವಿಡೀ ಕುರಿ ಹಿಂದೆ ನಡೆದವರು. ಮಂಡಿ ಕೈಕೊಟ್ಟ ಮೇಲೆ ಕುರಿಗಳನ್ನೆಲ್ಲ ಮಾರಿ ಮಗನ ಮನೆಯಲ್ಲಿ ಸುಮ್ಮನೆ ಕೂತಿದ್ದರು. ನನ್ನ ಕುದುರೆಯೊಂದನ್ನು ಎತ್ತಿ ತಿರುಗಿಸಿ ನೋಡಿ, "ನಾನೂ ಒಂದು ದಂಡು ಮಾಡಿಕೊಂಡು ಬರ್ತೇನಿ ತಡಿಯವಾ" ಎಂದು ಹೋದರು. ನಾನು ನಕ್ಕು ಮರೆತೆ.

ಮುಂದಿನ ವಾರ ಬೆಲ್ಲದ ಪೆಟ್ಟಿಗೆಯೊಂದನ್ನು ಬಗಲಲ್ಲಿ ಹಿಡಿದುಕೊಂಡು ಬಂದರು. ಒಳಗಿದ್ದದ್ದು ಮಣ್ಣಿನ ದಂಡು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಾರಲ್ಲ, ಅದೇ ಎರೆಮಣ್ಣು. ಕೋಲು ಹಿಡಿದ ಕುರುಬರು, ಕವಣೆ ಬೀಸುವವರು, ಹುಣಸೆಬೀಜವನ್ನೇ ಡೊಳ್ಳು ಮಾಡಿಕೊಂಡು ಕೊರಳಿಗೆ ಕಟ್ಟಿದ ಒಬ್ಬ, ಸಣ್ಣ ನಡುವಿನ ಮುಧೋಳ ನಾಯಿಗಳು, ಇವರೆಲ್ಲರ ನಡುವೆ ನಿಜವಾದ ಉಣ್ಣೆ ಸುತ್ತಿದ ಕುರಿಹಿಂಡು. ಮುಖಂಡನಿಗೆ ಮಾತ್ರ ಹೆಗಲ ಮೇಲೆ ಕಂಬಳಿಯ ಚೂರು.

"ಕಾಕಾ, ಒಬ್ಬರ ಕೈಯಾಗೂ ಕತ್ತಿ ಇಲ್ಲಲ್ರಿ!"

"ನಮ್ಮ ಮಂದಿ ಕೈಯಾಗ ಬಡಿಗಿ ಇರ್ತೈತಿ. ಕತ್ತಿ ಎಲ್ಲಿಂದ ತರೂದು?"

"ಆತು. ದಂಡಿನಾಗ ಕುರಿ ಯಾಕ್ರಿ?"

ಕಾಕಾ ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದರು. "ಕುರಿ ಇರಲಿಲ್ಲಂದ್ರ ಈ ಮಂದಿ ಯಾತಕ್ಕ ಬಡದಾಡ್ಯಾರು ಯವ್ವಾ?"

ನನ್ನ ಟೇಪು ಅವರಿಗೆ ಸರಿಬರಲಿಲ್ಲ. ಗೇಣಿನಲ್ಲಿ ಅಳೆಯೋಣ ಎಂದರು. ಯಾರ ಗೇಣು ಎಂಬುದಕ್ಕೇ ಒಂದು ಜಗಳವಾಯಿತು, ಅವರ ಅಂಗೈ ಮೊರದಷ್ಟಿತ್ತು. ಕೊನೆಗೆ ಜೋಳದ ದಂಟೊಂದನ್ನು ಮುರಿದು ಅಳತೆ ಮಾಡಿಕೊಂಡೆವು. ಒಂದು ಪಾಳಿಗೆ ಕುದುರೆ ಎರಡು ದಂಟು ಓಡಬೇಕು, ಉಳಿದವರು ಒಂದು ದಂಟು ನಡೆಯಬೇಕು. ಹೊಡೆದಾಟಕ್ಕೆ ಬಿದ್ದರೆ ಇಬ್ಬರೂ ದಾಳ ಹಾಕುವುದು, ಹೆಚ್ಚು ಬಿದ್ದವರದು ಗೆಲುವು. ಮುಖಂಡ ಬಿದ್ದರೆ ಆಟ ಮುಗಿಯಿತು. ಕಾಕಾ ತಮ್ಮ ಹೆಗಲ ಕಂಬಳಿಯನ್ನೇ ಹಲಗೆಯ ಮೇಲೆ ಹಾಸಿದರು. ಅದರ ಕೆಳಗೆ ಸಾರಿನ ಬಟ್ಟಲು, ವಾಟಗ, ಬೋರಲು ಹಾಕಿ ಗುಡ್ಡ ಮಾಡಿದೆವು, ಸೀರೆಯ ನೀಲಿ ಅಂಚು ಹೊಳೆಯಾಯಿತು. ಒಂದು ತುದಿಯನ್ನು ಕಾಕಾ ತಾವು ಕುರಿ ಮೇಯಿಸುತ್ತಿದ್ದ ಸಾವಳಗಿ ಎಂದರು. ಇನ್ನೊಂದು ತುದಿಯಲ್ಲಿ ಕಡ್ಡಿ ನೆಟ್ಟು ಕುರಿ ಕೂಡಿಹಾಕುವ ದೊಡ್ಡಿ ಮಾಡಿದರು. ಅಲ್ಲಿಗೆ ಹಿಂಡು ಮುಟ್ಟಿಸಿದರೆ ಗೆಲುವು ಅವರದು. ಮುಟ್ಟಿಸದಂತೆ ತಡೆಯುವುದು ನನ್ನ ಕೆಲಸ.

ಮಧ್ಯಾಹ್ನ ಉಂಡ ಮೇಲೆ ಆಟ ಶುರು. ಓಣಿಯ ತುಂಬ ಮಗ್ಗಗಳ ಖಟಖಟ. ನೋವಿನ ಗುಳಿಗೆಯ ಮಂಪರು ಬೇರೆ. ನೋಡುತ್ತ ನೋಡುತ್ತ ಕಂಬಳಿ ಅಗಲವಾಗುತ್ತ ಹೋಗುತ್ತಿತ್ತು... ಕರಿ ಎರೆಹೊಲ, ಅದರಾಚೆ ಮತ್ತೆ ಎರೆಹೊಲ, ಕಾಕಾನ ಬೆರಳುಗಳು ಎಲ್ಲೋ ಮೇಲೆ ಮೋಡದ ಹಾಗೆ. ಕರೆಂಟ್ ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ಆಗ ಕಾಕಾ ಬೆರಳೆತ್ತಿ, "ಈಗ ಕೇಳಸ್ತೈತಿ ನೋಡು" ಎನ್ನುತ್ತಿದ್ದರು. ಏನು ಕೇಳಿಸುತ್ತದೆ ಎಂದು ನಾನು ಕೇಳಲಿಲ್ಲ. ಕೊರಳಗಂಟೆಯ ದನಿ ನನಗೂ ಕೇಳಿಸುತ್ತಿತ್ತು, ನಂಬಿದರೆ ನಂಬಿ.

ಆದರೆ ಕಾಕಾ ಪ್ರತಿಸಲವೂ ಸೋಲುತ್ತಿದ್ದರು. ಕಾರಣ ಒಂದೇ ಒಂದು ಕುರಿ. ಒಣಗುವಾಗ ಅದರ ಮುಂಗಾಲು ಮುರಿದಿತ್ತು. ಅದಕ್ಕೆ ಅರ್ಧ ದಂಟೇ ನಡಿಗೆ ಎಂದು ತಾವೇ ಕಾಯಿದೆ ಮಾಡಿಕೊಂಡಿದ್ದರು. ಅದು ಅರ್ಧ ದಂಟು ನಡೆದರೆ ಇಡೀ ಹಿಂಡೂ, ನಾಯಿಗಳೂ, ಡೊಳ್ಳಿನವನೂ ಅರ್ಧ ದಂಟೇ. ಅಷ್ಟರಲ್ಲಿ ನನ್ನ ಕುದುರೆಗಳು ಗುಡ್ಡ ಸುತ್ತಿ ಬಂದು ಅಡ್ಡ ನಿಂತಿರುತ್ತಿದ್ದವು.

"ಅದೊಂದನ್ನ ಬಿಟ್ಟು ನಡೀರಿ ಕಾಕಾ!" ನನಗೇ ತಡೆಯದೆ ರೇಗುತ್ತಿದ್ದೆ.

"ಬಿಟ್ಟು ಹ್ಯಾಂಗ ಹೋಗ್ಲಿ? ಹಿಂದ ಒಂದಾ ನಿಂತು ಒದರೂದಿಲ್ಲೇನು?"

ಒಮ್ಮೆ ಹಾಗೇ ಸೋತು ಕೂತಿದ್ದಾಗ ಮೆಲ್ಲಗೆ ಹೇಳಿದರು. "ಖರೆ ಹೇಳ್ಬೇಕಂದ್ರ, ಕುರಿ ಮಾರಿದಾಗ ಅವನ್ನ ದೊಡ್ಡಿಗಿ ಹೊಡಕೊಂಡು ಬರಾಕ ಆಗಲಿಲ್ಲವಾ. ಸಾವಳಗಿ ಅಡವ್ಯಾಗಿಂದಾನ ಲಾರಿ ಹತ್ತಿಸಿದ್ರು. ಸಂಜಿ ಆತು, ಮನಿಗಿ ಹೋಗೂಣು ಅಂತ ನನ್ನ ಮಾರಿ ನೋಡಾಕತ್ತಿದ್ವು... ಒಮ್ಮಿ ಮನಿ ಮುಟ್ಟಿಸಬೇಕು ಅಂತ, ಅಷ್ಟಾ."

ಅದನ್ನು ಕೇಳಿದ ಮೇಲೆ ಗೆಲ್ಲುವುದಾದರೂ ಹೇಗೆ? ಮರುದಿನ ಕುದುರೆಗಳನ್ನು ಹೊಳೆಯ ಆಚೆಗೇ ಸುತ್ತಾಡಿಸುತ್ತ ಕೂತೆ. ಹಿಂಡು ಅರ್ಧ ಹೊಲ ದಾಟಿತು. ಕಾಕಾ ತಲೆಯೆತ್ತಿ ನನ್ನ ಮುಖ ನೋಡಿದರು. ಕಣ್ಣು ಕೆಂಪಾಗಿದ್ದವು.

"ನನಗ ಭಿಕ್ಷಾ ಹಾಕಾಕತ್ತೀಯೇನು?"

ಕುರಿಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟು ಎದ್ದೇ ಹೋದರು. ಎರಡು ದಿನ ಇತ್ತ ಸುಳಿಯಲಿಲ್ಲ. ಅವ್ವ ಶೇಂಗಾ ಹೋಳಿಗೆ ಮಾಡಿ, ಗೋಡೆಯ ಮೇಲಿಂದ ಕೊಟ್ಟು, "ಅಕಿಗಿ ಬುದ್ಧಿ ಇಲ್ಲ, ನೀವರ ದೊಡ್ಡವರಾಗ್ರಿ" ಎಂದು ಬೇಡಿಕೊಂಡ ಮೇಲೆ ಬಂದರು. "ಆಟಾ ಅಂದ್ರ ಆಟಾ. ಇನ್ನೊಮ್ಮಿ ಹಂಗ ಮಾಡಿದ್ರ ನಾ ಬರೂದಿಲ್ಲ ನೋಡು" ಎಂದರು. ಬೀರಪ್ಪನ ಆಣೆ ಮಾಡಿಸಿಕೊಂಡೇ ದಂಟು ಕೈಗೆ ಕೊಟ್ಟರು.

ನನ್ನ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಕಾಕಾಗೆ ಕೆಮ್ಮು ಹಿಡಿದಿತ್ತು. ನಡೆದರೆ ಉಸಿರು ಸಾಲುತ್ತಿರಲಿಲ್ಲ. ಮಿರಜಿನ ದವಾಖಾನೆಗೆ ಕರೆದುಕೊಂಡು ಹೋಗುತ್ತೇವೆಂದು ಮಗ ದಿನ ಗೊತ್ತುಮಾಡಿದ. ಹೊರಡುವ ಹಿಂದಿನ ಮಧ್ಯಾಹ್ನ ಪೆಟ್ಟಿಗೆ ಹಿಡಿದುಕೊಂಡು ಬಂದೇಬಿಟ್ಟರು. "ಒಂದು ಆಟ ಆಡೂಣು ಬಾ."

ಅವತ್ತು ಮೊದಲ ಪಾಳಿಯಲ್ಲೇ ಕಾಕಾ ನನಗೆ ಗೊತ್ತಿಲ್ಲದ ಕಾಕಾ ಆದರು. ಹಿಂಡನ್ನು, ನಾಯಿಗಳನ್ನು, ಡೊಳ್ಳಿನವನನ್ನು ಪೂರಾ ಒಂದು ದಂಟು ಮುಂದೆ ದೂಡಿದರು. ಕುಂಟ ಕುರಿ ಹಿಂದೆ ಉಳಿಯಿತು. ಅದರ ಪಕ್ಕದಲ್ಲಿ ಕಂಬಳಿ ಹೊದ್ದ ಮುಖಂಡನನ್ನು ನಿಲ್ಲಿಸಿದರು.

"ಕಾಕಾ, ಮುಖಂಡ ಬಿದ್ರ ಆಟ ಹೋತ್ರಿ."

"ಗೊತ್ತೈತಿ. ಇದಕ್ಕ ಜೊತಿ ಬೇಕಲ್ಲ, ನಾ ಇರ್ತೇನಿ. ಅವು ನಡೀಲಿ. ನೀ ಬಾ."

ಆಣೆ ಮಾಡಿದ್ದೆ. ಕುದುರೆಗಳನ್ನು ಮುಖಂಡನ ಕಡೆಗೇ ಓಡಿಸಿದೆ. ಮೊದಲ ಸಲ ದಾಳದಲ್ಲಿ ಕಾಕಾ ಗೆದ್ದರು, ನನ್ನ ಸವಾರನೊಬ್ಬ ಉರುಳಿದ. ಹಿಂಡು ಹೊಳೆ ದಾಟಿತು. ಇನ್ನೊಬ್ಬನೂ ಉರುಳಿದ. ಹಿಂಡು ಗುಡ್ಡ ದಾಟಿತು. ಅಷ್ಟರಲ್ಲಿ ಕರೆಂಟ್ ಹೋಗಿ ಮಗ್ಗಗಳು ನಿಂತವು. ಆ ನಿಶ್ಶಬ್ದದಲ್ಲಿ ಕಾಕಾ ಕುರಿಗಳನ್ನು ಒಂದೊಂದಾಗಿ, ಬೆನ್ನು ಸವರಿ ಸವರಿ ದೊಡ್ಡಿಯ ಒಳಗೆ ಬಿಟ್ಟರು. ಕುಂಟ ಕುರಿ ಬಾರದೆ ಹಿಂಡು ಪೂರಾ ಮುಟ್ಟಿದ ಲೆಕ್ಕವಲ್ಲ, ನಿನ್ನ ಪಾಳಿ ಇನ್ನೂ ಇದೆ ಎಂದು ಅವರೇ ನೆನಪಿಸಿದರು. ನಾನು ದಾಳ ಹಾಕಿದೆ. ಅವರೂ ಹಾಕಿದರು. ನನ್ನದೇ ಹೆಚ್ಚು ಬಿತ್ತು.

ಮುಖಂಡನನ್ನು ತಾವೇ ಮೆಲ್ಲಗೆ ಮಲಗಿಸಿದರು. "ಆಟ ನಿಂದಾತು. ಕುರಿ ಮನಿಗಿ ಹೋದ್ವು. ಇಬ್ಬರಿಗೂ ಛಲೋ ಆತಲ್ಲ, ಯಾಕ ಅಳ್ತಿ ಹುಚ್ಚಿ?"

ಅಳದೆ ಏನು ಮಾಡಲಿ? ಅವತ್ತಿನಷ್ಟು ಕೆಟ್ಟ ಗೆಲುವು ನನಗೆ ಮತ್ತೆ ಸಿಕ್ಕಿಲ್ಲ.

ಏಳುವಾಗ ಕಾಕಾ ಹಿಂಡನ್ನೂ ಉಳಿದ ದಂಡನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡರು. ಮುಖಂಡನನ್ನೂ ಕುಂಟ ಕುರಿಯನ್ನೂ ಕಂಬಳಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. "ಇವು ಇಲ್ಲೇ ಇರ್ಲಿ. ಬಂದಮ್ಯಾಲ ಇವನ್ನೂ ಮುಟ್ಟಿಸೂಣು." ಕಂಬಳಿ ಬಿಟ್ಟು ಅವರು ಹೊಸ್ತಿಲು ದಾಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಿರಜಿನಿಂದ ಅವರು ಬರಲಿಲ್ಲ, ಸುದ್ದಿ ಬಂತು. ದಿನಕರ್ಮ ಮುಗಿದ ಮೇಲೆ ಮಗ ಪೆಟ್ಟಿಗೆಯ ಹಿಂಡನ್ನು, ಮಣ್ಣೆತ್ತುಗಳನ್ನು ಬಿಡುವ ಹಾಗೆ, ಕೃಷ್ಣೆಗೆ ಬಿಟ್ಟು ಬಂದ. ಮಣ್ಣು ನೀರಿಗೆ ಸೇರಿತು, ಉಣ್ಣೆ ಮಾತ್ರ ಬಹಳ ಹೊತ್ತು ತೇಲಿತಂತೆ...

ಮೊನ್ನೆ ಕಂಬಳಿ ಬಿಚ್ಚಿದಾಗ ಅವೆರಡೂ ಮಡಿಕೆಯೊಳಗಿದ್ದವು. ಮುಖಂಡನ ಕೋಲು ಮುರಿದಿದೆ, ಕುರಿಯ ಉಣ್ಣೆಗೆ ನುಸಿ ಬಿದ್ದಿದೆ. ಬಿಸಿಲಿಗೆ ಹಾಕುವುದನ್ನು ಬಿಟ್ಟು ಪಡಸಾಲೆಯಲ್ಲೇ ಕಂಬಳಿ ಹಾಸಿದೆ. ಅಡುಗೆಮನೆಯಿಂದ ಎರಡು ವಾಟಗ ತಂದು ಗುಡ್ಡ ಮಾಡಿದೆ, ಕಡ್ಡಿ ನೆಟ್ಟು ದೊಡ್ಡಿ ಕಟ್ಟಿದೆ. ಇಬ್ಬರನ್ನೂ ಅರ್ಧ ದಂಟು ಸರಿಸಿದೆ. ಮತ್ತೆ ಅರ್ಧ ದಂಟು. ಹೀಗೇ ಹೋದರೆ ಸಂಜೆಯೊಳಗೆ ಮುಟ್ಟಿಸಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಆ ಕೆಂಪು ಕಣ್ಣುಗಳು ನೆನಪಾದವು. ಭಿಕ್ಷಾ ಹಾಕಾಕತ್ತೀಯೇನು... ಎದ್ದು ಹೋಗಿ ಡಬ್ಬಿ ಹುಡುಕಿ, ಪೇಟದ ಬಣ್ಣ ಹೋದ ನನ್ನ ಕುದುರೆ ಸವಾರನೊಬ್ಬನನ್ನು ತಂದು ದಾರಿಗೆ ಅಡ್ಡ ನಿಲ್ಲಿಸಿದೆ. ನನ್ನ ದಾಳ ಹಾಕಿದೆ. ಮೂರು ಬಿತ್ತು. ಇನ್ನೊಂದು ದಾಳವನ್ನು ಕಂಬಳಿಯ ಆಚೆ ಬದಿಗೆ ಇಟ್ಟು ಕೂತೆ. ಕರೆಂಟ್ ಹೋಯಿತು, ಮಗ್ಗಗಳು ನಿಂತವು, ಕತ್ತಲಾಗುತ್ತ ಬಂತು. ಕಾಕಾನ ದಾಳ ಇಟ್ಟಲ್ಲೇ ಇತ್ತು.