ಹಲ್ಲು ಮೇಸ್ತ್ರಿಯ ನಾಯಿ

ನಮ್ಮ ಮನೆಯವರನ್ನು ಬೀದಿಯವರೆಲ್ಲ ಹಲ್ಲು ಮೇಸ್ತ್ರಿ ಎಂದೇ ಕರೆಯುತ್ತಾರೆ. ಹಲ್ಲು ಕೀಳುವುದು ಡಾಕ್ಟರ ಕೆಲಸ, ಕಿತ್ತ ಜಾಗಕ್ಕೆ ಕೂರಿಸುವ ಹಲ್ಲು ಮಾಡುವುದು ಇವರ ಕೆಲಸ. ಡಾಕ್ಟರು ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿ ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದ ಮೇಲೆ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಬೇಯಿಸಿ, ಉಜ್ಜಿ ಹೊಳಪು ಮಾಡಿ ವಾಪಸ್ ಕಳಿಸುತ್ತಾರೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ನನ್ನ ಸಂಸಾರವೆಲ್ಲ ಪ್ಲಾಸ್ಟರ್ ಪುಡಿ ಒರೆಸುವುದರಲ್ಲೇ ಕಳೆಯಿತು. ಊರಿನ ಮುದುಕರು ನಾಲ್ಕು ಜನ ಸೇರಿ ನಕ್ಕರೆ ಅದರಲ್ಲಿ ಇಬ್ಬರದು ಇವರ ಕೈಕೆಲಸ. ಆದರೆ ಆ ಬಾಯಿಗಳನ್ನು ಇವರು ಒಂದು ದಿನವೂ ಕಂಡವರಲ್ಲ.

ಕೆಲಸದಲ್ಲಿ ಇವರನ್ನು ಬೈಯುವ ಹಾಗಿಲ್ಲ. ಬೈಯಬೇಕಾದದ್ದು ಆ ಹಾಳು ದಾಕ್ಷಿಣ್ಯವನ್ನು. ಹಲ್ಲಿನ ಸೆಟ್ಟು ಸರಿಯಾಗಿ ಕೂರಲಿಲ್ಲವೆಂದರೆ ಮತ್ತೆ ಮಾಡಿಕೊಡಬೇಕು, ಅದು ಈ ಕಸುಬಿನ ರೂಢಿ. ಡಾಕ್ಟರು ತೆಗೆದ ಅಚ್ಚೇ ಸೊಟ್ಟಗಿದ್ದರೂ ಇವರು ಬಾಯಿ ಬಿಡುವುದಿಲ್ಲ. “ಆಗ್ಲಿ ಸರ್, ಇನ್ನೊಂದು ಮಾಡ್ಕೊಡ್ತೀನಿ” ಎಂದು ತಲೆ ಕೆರೆದುಕೊಂಡು ಬರುತ್ತಾರೆ. ಅದರಲ್ಲೂ ಮೂಲೆ ಕ್ಲಿನಿಕ್ಕಿನ ದೊಡ್ಡ ಡಾಕ್ಟರೆಂದರೆ ಮುಗಿಯಿತು. ಅರ್ಧಕ್ಕರ್ಧ ಕೆಲಸ ಬರುವುದು ಅವರಿಂದಲೇ. “ನಿಮ್ಮ ಮನೇಲಿ ಯಾರಿಗೇ ಹಲ್ಲುನೋವು ಬಂದ್ರೂ ಕರ್ಕೊಂಡು ಬನ್ನಿ ಮೇಸ್ತ್ರೀ, ದುಡ್ಡಿನ ಮಾತೇ ಬೇಡ” ಎಂದು ಅವರು ಎಷ್ಟು ಸಲ ಹೇಳಿಲ್ಲ! ನನ್ನ ದವಡೆ ಹಲ್ಲು ಎರಡು ಹೋದವು. “ಬಿಟ್ಟಿ ಕೇಳೋದು ಚೆನ್ನಾಗಿರಲ್ಲ ಕಣೇ” ಎಂದರು ಇವರು. ಊರಿಗೆಲ್ಲ ಹಲ್ಲು ಹಂಚುವವರ ಹೆಂಡತಿ ಇವತ್ತಿಗೂ ಒಂದೇ ಕಡೆ ಅಗಿಯುತ್ತಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳುತ್ತಾರೆಯೇ?

ಪಕ್ಕದ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಮುರುಕು ಪೊರಕೆಯನ್ನೂ ಬಿಡದೆ ಗಾಡಿಗೇರಿಸಿ, ನಾಯಿಯನ್ನು ಮಾತ್ರ ಗೇಟಿನ ಹತ್ತಿರ ಬಿಟ್ಟುಹೋದರು. ಇವರು ಅದನ್ನು ಒಳಗೆ ಕರೆತಂದರು. ನಾನು ಬೇಡವೆಂದು ಕೂಗಾಡಿದೆ. ಅದು ನನ್ನ ಮಾತಿಗೆ ಕವಡೆ ಕಾಸಿನ ಬೆಲೆ ಕೊಡದೆ ಇವರ ಬೆಂಚಿನ ಕೆಳಗೆ ಕಾಲು ಚಾಚಿ ಮಲಗಿತು. “ನೋಡಿ, ದೊರೆ ಬಂದ್ರು” ಎಂದು ಹಂಗಿಸಿದೆ. ಆ ಹೆಸರೇ ನಿಂತಿತು. ಮಕ್ಕಳಿಲ್ಲದ ಮನೆ ನಮ್ಮದು. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಬಂದು ಕಾಯುವ ಜೀವವೊಂದು ಇದೆ ಎನ್ನುವ ಸುಖ ನನಗೆ ಕೊಟ್ಟದ್ದು ಆ ನಾಯಿ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಂಥ ದೊರೆ ಊಟ ಬಿಟ್ಟಿತು. ಮುಖವನ್ನು ನೆಲಕ್ಕೆ ಉಜ್ಜತೊಡಗಿತು. ಒಂದು ಕಣ್ಣಿನ ಕೆಳಗೆ ಬಾತುಕೊಂಡಿತ್ತು. ಇವರು ತುಟಿ ಎತ್ತಿ ನೋಡಿದರೆ ಮೇಲಿನ ದೊಡ್ಡ ದವಡೆ ಹಲ್ಲು ಸೀಳಿತ್ತು. ಗೇಟಿನ ಸರಳು ಕಚ್ಚುವ ಚಾಳಿ ಅದಕ್ಕೆ.

ಸಾಕುಪ್ರಾಣಿಗಳ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಒಳ್ಳೆಯವಳು, ನಿಧಾನವಾಗಿ ನೋಡಿದಳು. “ಒಳಗೆ ಏನಾಗಿದೆ ಅಂತ ಎಕ್ಸ್‌ರೇ ತೆಗೆದು ನೋಡ್ಬೇಕು. ಮಂಪರು ಕೊಟ್ಟು ಹಲ್ಲು ಕೀಳ್ಬೇಕಾಗುತ್ತೆ. ತಡ ಮಾಡ್ಬೇಡಿ” ಎಂದಳು. ಖರ್ಚು ಎಷ್ಟೆಂದು ಕೌಂಟರಿನಲ್ಲಿ ಕೇಳಿದರೆ ನಮ್ಮ ಮನೆಯ ಮೂರು ತಿಂಗಳ ಬಾಡಿಗೆ! ಇವರು ದಿನಾ ಕೇಳುವ ರೇಟೇನೋ ಎಂಬಂತೆ ತಲೆಯಾಡಿಸಿ, “ಮನೇಲಿ ಕೇಳಿ ಹೇಳ್ತೀನಿ” ಎಂದರು. ಮನೆಯವಳು ನಾನು ಪಕ್ಕದಲ್ಲೇ ನಾಯಿ ಹಿಡಿದುಕೊಂಡು ನಿಂತಿದ್ದೆ.

ಸರ್ಕಾರಿ ಪಶು ಆಸ್ಪತ್ರೆಗೆ ಹೋದೆವು. “ಹಸು, ಎಮ್ಮೆ, ಕುರಿ ಆದ್ರೆ ನೋಡ್ಬಹುದು. ನಾಯಿ ಹಲ್ಲು ಕೀಳೋ ಸಾಮಾನು ನಮ್ಮಲ್ಲಿಲ್ಲ” ಎಂದು ಬಾವು ಇಳಿಯುವ ಮಾತ್ರೆ ಕೊಟ್ಟು ಕಳಿಸಿದರು. ಕೊನೆಗೆ ಇವರು, ನಂಬುತ್ತೀರೋ ಇಲ್ಲವೋ, ದೊಡ್ಡ ಡಾಕ್ಟರ ಹತ್ತಿರ ಹೋಗಿ ಕೈ ಮುಗಿದರು! ನನ್ನ ಹಲ್ಲಿಗೆ ಬಾರದ ಬಾಯಿ ನಾಯಿಯ ಹಲ್ಲಿಗೆ ಬಂತು. ಡಾಕ್ಟರು ನಕ್ಕರಂತೆ. “ನಾಯಿ ಬಾಯಿಗೆ ಹಾಕಿದ ಇಕ್ಕಳಾನೇ ಜನರ ಬಾಯಿಗೆ ಹಾಕ್ತೀನಿ ಅಂತ ಗೊತ್ತಾದ್ರೆ ನಾಳೆಯಿಂದ ಇಲ್ಲಿಗೆ ನೊಣಾನೂ ಬರಲ್ಲ ಮೇಸ್ತ್ರೀ.” ಆ ಮಾತಿನಲ್ಲಿ ತಪ್ಪಿಲ್ಲ ಬಿಡಿ. ನಾನಾದರೂ ಹಾಗೇ ಹೇಳುತ್ತಿದ್ದೆ.

ಅಷ್ಟರಲ್ಲಿ ಮಾತ್ರೆಗೆ ಬಾವು ಇಳಿಯಿತು. ದೊರೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ನೆಕ್ಕತೊಡಗಿತು. ಇವರು ಬೆರಳಿನಿಂದ ಆ ಹಲ್ಲನ್ನು ಒತ್ತಿ ನೋಡಿದರು, ತಟ್ಟಿ ನೋಡಿದರು. ನಾಯಿ ಕಮಕ್ ಕಿಮಕ್ ಎನ್ನಲಿಲ್ಲ.

“ನೋವೇ ಇಲ್ಲ ಕಣೇ! ಒಡೆದ ಹಲ್ಲು ತಾನೆ? ನಾನೇ ಕ್ಯಾಪ್ ಮಾಡಿ ಹಾಕ್ತೀನಿ.”

“ನಿಮಗೇನಾದ್ರೂ ತಲೆ ಕೆಟ್ಟಿದೆಯೇನ್ರೀ?”

“ಎಷ್ಟು ಜನಕ್ಕೆ ಮಾಡಿಲ್ಲ ನಾನು? ಹಲ್ಲು ಅಂದ್ರೆ ಹಲ್ಲೇ.”

ಮೇಣ ಬಿಸಿ ಮಾಡಿ, ಆರಿಸಿ, ದೊರೆಯ ಬಾಯಲ್ಲಿಟ್ಟು ಅಚ್ಚು ತೆಗೆದರು. ಬೇರೆ ಯಾರಾದರೂ ಆಗಿದ್ದರೆ ಕೈ ಹೋಗುತ್ತಿತ್ತು. ಇವರಿಗೆ ಅದು ಬಾಯಿ ತೆರೆದುಕೊಂಡು ಕೂತಿತು. ಬೆಳಗಿನಿಂದ ಸಂಜೆಯವರೆಗೆ ಉಜ್ಜಿದರು. ಬಣ್ಣ ಕೂಡಿಸಿ ಪಕ್ಕದ ಹಲ್ಲಿನ ಹಳದಿಯನ್ನೂ ತಂದರು. ಅಂಟಿಸುವ ಸಿಮೆಂಟು ಕೇಳಲು ಕ್ಲಿನಿಕ್ಕಿಗೆ ಹೋದಾಗ ದೊಡ್ಡ ಡಾಕ್ಟರು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ದುಡ್ಡು ಬೇಡವೆಂದು ಪುಕ್ಕಟೆ ಕೊಟ್ಟು ಕಳಿಸಿದರು. ಕ್ಯಾಪು ಕೂತಿತು. ಎರಡು ದಿನಕ್ಕೆ ದೊರೆ ಅನ್ನ ತಿಂದಿತು. ಆಮೇಲೆ ಒಣ ಬ್ರೆಡ್ಡನ್ನೇ ಕರುಂ ಕುರುಂ ಎಂದು ಅಗಿಯಿತು. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಬೀದಿಯವರು ಸಾಲಾಗಿ ಬಂದು ನೋಡಿದರು. ಜೀವಮಾನದಲ್ಲಿ ಮೊದಲ ಸಲ ಇವರು ತಾವು ಮಾಡಿದ ಹಲ್ಲು ತಿನ್ನುವುದನ್ನು ಕಣ್ಣಾರೆ ನೋಡುತ್ತಿದ್ದರು. ಅನ್ನದ ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದು ಮುಗಿಸುವ ತನಕ ಏಳುತ್ತಿರಲಿಲ್ಲ.

ದೊಡ್ಡ ಡಾಕ್ಟರೂ ಬಂದರು. ಕಾರು ನಿಲ್ಲಿಸಿ, ಬಗ್ಗಿ, ದೊರೆಯ ತುಟಿ ಎತ್ತಿ ನೋಡಿದರು. ಕಣ್ಣಿನ ಕೆಳಗೆ ಬೆರಳಿಟ್ಟು ಒತ್ತಿ, ಸುತ್ತ ನಿಂತ ಬೀದಿಯವರ ಕಡೆ ಒಮ್ಮೆ ತಿರುಗಿದರು. ಆಮೇಲೆ ಇವರ ಬೆನ್ನು ತಟ್ಟಿ “ಭೇಷ್ ಮೇಸ್ತ್ರೀ!” ಎಂದರು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಇವರು ಆ ದಿನವೆಲ್ಲ ನೆಲದ ಮೇಲೆ ಕಾಲಿಡಲಿಲ್ಲ.

ಸರ್ಕಾರಿ ಮಾತ್ರೆ ಮುಗಿದು ಕೆಲವು ದಿನಕ್ಕೆ ಮತ್ತೆ ಬಾವು ಬಂತು. ಈ ಸಲ ಕಣ್ಣೇ ಮುಚ್ಚಿಹೋಯಿತು. ಮೈ ಕೆಂಡ. ದೊರೆ ನೀರನ್ನೂ ಮುಟ್ಟಲಿಲ್ಲ, ಇವರ ಕೈಯನ್ನೂ ಬಾಯಿಯ ಹತ್ತಿರ ಬಿಡಲಿಲ್ಲ. ಹೆದರಿಕೆಯಲ್ಲಿ ಹತ್ತಿರದ ಕ್ಲಿನಿಕ್ಕಿಗೇ ಎತ್ತಿಕೊಂಡು ಓಡಿದೆವು. ಡಾಕ್ಟರು ಮೆಟ್ಟಿಲ ಮೇಲೆ ನಿಂತೇ ನೋಡಿದರು.

“ಒಳಗೆ ಕೀವು ಕಟ್ಕೊಂಡಿದೆ. ಹಲ್ಲಿನ ನರ ಸತ್ತಿತ್ತು, ಅದಕ್ಕೇ ಒತ್ತಿದಾಗ ನೋವಾಗಲಿಲ್ಲ. ಒಳಗೆಲ್ಲ ಕ್ಲೀನ್ ಮಾಡ್ದೆ ಮೇಲೆ ಮುಚ್ಚಿದ್ರೆ ಕೀವಿಗೆ ಹೊರಗೆ ಬರೋಕೆ ದಾರಿ ಎಲ್ಲಿ? ನನಗೆ ಅವತ್ತೇ ಅನ್ನಿಸ್ತು.”

ಜನರಿಗೆ ಕ್ಯಾಪ್ ಹಾಕುವ ಮುಂಚೆ ಡಾಕ್ಟರು ಹಲ್ಲಿನ ಬೇರಿನವರೆಗೂ ತೋಡಿ ಶುದ್ಧ ಮಾಡುತ್ತಾರೆ. ಅದೆಲ್ಲ ಮುಗಿದ ಮೇಲೆಯೇ ಅಚ್ಚು ಡಬ್ಬಿಯಲ್ಲಿ ಕೂತು ನಮ್ಮ ಮನೆಗೆ ಬರುವುದು. ಇವರ ಕೆಲಸ ಶುರುವಾಗುವುದೇ ಅಲ್ಲಿಂದ. ಇವರ ಬೆಂಚಿಗೆ ಬಂದ ಹಲ್ಲುಗಳಲ್ಲಿ ಒಂದಕ್ಕಾದರೂ ಬೇರಿತ್ತೇ, ಕೀವಿತ್ತೇ? ಡಾಕ್ಟರ ಪಾಲಿನ ಅರ್ಧ ಕೆಲಸವಿದೆ ಎನ್ನುವುದೇ ಇವರಿಗೆ ಹೊಳೆದಿರಲಿಲ್ಲ. ಆದರೆ ಡಾಕ್ಟರಿಗೆ ಹೊಳೆದಿತ್ತಲ್ಲ! ನನ್ನ ಮೈ ಉರಿದುಹೋಯಿತು.

“ಅವತ್ತೇ ಅನ್ನಿಸಿದ್ರೆ ಯಾಕೆ ಹೇಳ್ಲಿಲ್ಲ ಸರ್? ಫೋಟೋ ತೆಗೆಯೋಕೆ ಮಾತ್ರ ಬಂದ್ರಾ?”

ಅವರು ಮುಖ ಸಣ್ಣದು ಮಾಡಿಕೊಂಡರು. “ಹಾಗಲ್ಲಮ್ಮ... ಮೇಸ್ತ್ರಿ ಅಷ್ಟು ಖುಷಿಯಾಗಿದ್ರು. ಬೀದಿ ಜನ ಎಲ್ಲ ನಿಂತಿದ್ರು. ಅವರ ಮುಂದೆ ಹೇಗೆ ಹೇಳೋದು ಅಂತ...”

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ಅಷ್ಟೂ ವರ್ಷ ಆ ರೋಗ ನಮ್ಮ ಮನೆಯದು ಮಾತ್ರ ಎಂದುಕೊಂಡಿದ್ದೆ. ನಾನು ಇನ್ನೂ ನಾಲ್ಕು ಮಾತು ಆಡುವವಳಿದ್ದೆ. ಅಷ್ಟರಲ್ಲಿ ಇವರು, ಕೈಯಲ್ಲಿ ಜ್ವರದ ನಾಯಿ ನಡುಗುತ್ತಿರುವಾಗ, “ಪರವಾಗಿಲ್ಲ ಬಿಡಿ ಸರ್” ಎಂದರು. ಆ ಗಳಿಗೆಯಲ್ಲಿ ನನಗೆ ಡಾಕ್ಟರಿಗಿಂತ ಇವರ ಮೇಲೇ ಹೆಚ್ಚು ಸಿಟ್ಟು ಬಂತು. ಇವತ್ತಿಗೂ ಅದು ಇಳಿದಿಲ್ಲ.

ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ದೊರೆಯನ್ನು ಸ್ಟೀಲ್ ಮೇಜಿನ ಮೇಲೆ ಮಲಗಿಸಿದರು. ಅವಳು ನಮ್ಮನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. “ನಂಜು ರಕ್ತಕ್ಕೆ ಸೇರಿದೆ. ದೊಡ್ಡ ಆಪರೇಷನ್ ಮಾಡಿ, ಒಂದು ವಾರ ಇಲ್ಲೇ ಇಟ್ಟು ನೋಡ್ಬಹುದು, ಉಳಿಯುತ್ತೆ ಅಂತ ಹೇಳೋಕಾಗಲ್ಲ. ಇಲ್ಲಾಂದ್ರೆ ಒಂದು ಇಂಜೆಕ್ಷನ್ ಕೊಟ್ಟು ನೋವಿಲ್ಲದ ಹಾಗೆ ಕಳಿಸಿಕೊಡ್ಬಹುದು” ಎಂದಳು. ಆಪರೇಷನ್ನಿಗೆ ಆಗುವ ಖರ್ಚನ್ನು ಕೇಳಿದ ಮೇಲೆ ಮೊದಲು ಹೇಳಿದ ಮೂರು ತಿಂಗಳ ಬಾಡಿಗೆ ಏನೇನೂ ಅಲ್ಲವೆನ್ನಿಸಿತು. ಇವರು ದೊರೆಯ ತಲೆ ಸವರುತ್ತಾ ಬಹಳ ಹೊತ್ತು ನಿಂತರು. ಆಮೇಲೆ, ಯಾರ ಮುಖವನ್ನೂ ನೋಡದೆ, ಎರಡನೆಯದೇ ಆಗಲಿ ಎಂದರು.

ಎಲ್ಲ ಮುಗಿದ ಮೇಲೆ ಕೌಂಟರಿಗೆ ಬಂದೆವು. ಅಲ್ಲಿದ್ದ ಹುಡುಗಿ ಇಂಜೆಕ್ಷನ್ನಿನ ಬಿಲ್ಲು ಮುಂದಿಟ್ಟಳು. ಇವರು ಅದನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಮತ್ತೊಂದು ಸಲ ನೋಡಿದರು.

“ಇಷ್ಟೇನಾ?” ಎಂದು ಕೇಳಿದರು.

“ಹೌದು ಸರ್, ಇಷ್ಟೇ” ಎಂದಳು ಆ ಹುಡುಗಿ. ಇವರು ಜೇಬಿನಿಂದ ದುಡ್ಡು ತೆಗೆದು ಕೊಟ್ಟರು. ಅಷ್ಟು ನಮ್ಮ ಹತ್ತಿರ ಇತ್ತು.