ಚಿತ್ರಕ್ಕೆ ಎತ್ತಿಟ್ಟ ಪಾಲು

ನಮ್ಮ ಮೇಷ್ಟ್ರ ಎಡಗಿವಿ ಸ್ವಲ್ಪ ಮುಂದಕ್ಕೆ ಬಾಗಿತ್ತು. ಅಲ್ಲಿ ಸದಾ ಒಂದು ಪೆನ್ಸಿಲ್. ಕಲಿಸುತ್ತಿದ್ದದ್ದು ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬಿಡಿಸುವುದನ್ನು. ಪೆನ್ಸಿಲ್ಲಿಗೆ ತಲೆ ಕೆರೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಪುರಸೈವಾಕ್ಕಂನ ಜವಳಿ ಅಂಗಡಿಯೊಂದರ ಮಹಡಿಯಲ್ಲಿ ಅವರ ಕ್ಲಾಸು. ಉಡುಪಿ ಕಡೆಯವರು, ತಂದೆ ಎಗ್ಮೋರಿನ ಹೋಟೆಲಿನಲ್ಲಿ ಅಡುಗೆಯವರಾಗಿದ್ದರಂತೆ. ಮೈಸೂರಿನಿಂದ ಮದುವೆಯಾಗಿ ಬಂದ ನನಗೆ ತಮಿಳು ಬಾರದೆಂದು ಕನ್ನಡದಲ್ಲೇ ಬೈಯುತ್ತಿದ್ದರು. ಅದೊಂದು ಸುಖ.

ಪೋರೂರಿನ ಮನೆಯೊಂದರ ಅಡುಗೆಮನೆ ವಿನ್ಯಾಸ ನನಗೆ ಸಿಕ್ಕ ಮೊದಲ ಕೆಲಸ. ಭಾನುವಾರ ಆ ಮನೆಯ ಮಾಲೀಕರಿಗೆ ಅದನ್ನು ಪರದೆಯ ಮೇಲೆ ಎಲ್ಲ ಕಡೆಯಿಂದ ತಿರುಗಿಸಿ ತೋರಿಸಬೇಕು. ಶನಿವಾರ ನೋಡಿದರೆ, ತಿರುಗಿಸಿದಾಗಲೆಲ್ಲ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಕೆಲಸ ಕೈತಪ್ಪಿತೆಂದು ಅಳು ಬಂತು. ಕಂಪ್ಯೂಟರನ್ನು ಆಟೋಗೆ ಹೇರಿಕೊಂಡು ಮೇಷ್ಟ್ರ ಬಳಿ ಓಡಿದೆ.

"ಇದ್ರಲ್ಲಿ ಚಿತ್ರ ತೋರಿಸುವ ಚಿಪ್ ಪ್ರೊಸೆಸರಿನ ಒಳಗೇ ಉಂಟು. ಅದಕ್ಕೆ ಸ್ವಂತ ಮೆಮೊರಿ ಇಲ್ಲ ಮಾರಾಯ್ತಿ, ಎಲ್ಲರ ಪಾತ್ರೆಯಿಂದ್ಲೇ ಬಡಿಸ್ಕೊಳ್ಬೇಕು," ಎಂದರು. "ಅಪ್ಪನ ಹೋಟ್ಲಲ್ಲಿ ಕಾಫಿಯವನಿಗೆ ಅಂತ್ಲೇ ಒಂದು ಒಲೆ. ಎಷ್ಟೇ ರಶ್ ಆಗ್ಲಿ, ಸಾಂಬಾರಿನವ ಅದನ್ನು ಮುಟ್ಲಿಕ್ಕಿಲ್ಲ. ಇದಕ್ಕೂ ಹಾಗೇ ಒಂದು ಪಾಲು ಎತ್ತಿಡುವ."

"ಜಾಸ್ತಿನೇ ಇಟ್ಬಿಡಿ ಸಾರ್," ಎಂದೆ.

"ಎಲ್ಲಾ ಒಲೆ ಕಾಫಿಗೇ ಕೊಟ್ರೆ ಊಟ ಎಲ್ಲಿ ಬೇಯುದು? ಇರುದೇ ಕಡಿಮೆ. ಕೊಂಜ ಇರು," ಎಂದು ತಮಿಳು ಬೆರೆಸಿ ಕಾಯಲು ಹೇಳಿದರು.

ತಮ್ಮ ಕಂಪ್ಯೂಟರನ್ನು ಬಿಚ್ಚಿ, ಅದರಲ್ಲಿದ್ದ ಎರಡು ರ‍್ಯಾಮ್‌ಗಳಲ್ಲಿ ಒಂದನ್ನು ಕಿತ್ತು ನನ್ನದಕ್ಕೆ ಸಿಕ್ಕಿಸಿದರು. ಹೀಗೆ ಮೆಮೊರಿ ಹೆಚ್ಚಾದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಚಿತ್ರಕ್ಕೆಂದೇ ಒಂದು ಪಾಲನ್ನು ಮೀಸಲಿಟ್ಟರು. ಪರದೆಯ ಮೇಲಿನ ಅಡುಗೆಮನೆ ಸಲೀಸಾಗಿ ತಿರುಗಿತು.

"ನಿಮ್ಮ ಕಂಪ್ಯೂಟರಿಗೆ ಸಾರ್?"

"ನಿನಗೆ ಬೈಲಿಕ್ಕೆ ಅಷ್ಟೆಲ್ಲ ಮೆಮೊರಿ ಬೇಡ."

ಭಾನುವಾರ ಕೆಲಸ ನನ್ನದಾಯಿತು. ಮೊದಲ ಸಂಪಾದನೆಯಲ್ಲಿ ಹೊಸ ರ‍್ಯಾಮ್ ತಂದುಕೊಟ್ಟೆ. ಮೇಷ್ಟ್ರು ಅದನ್ನು ಆಗಷ್ಟೇ ಕ್ಲಾಸಿಗೆ ಸೇರಿದ್ದ ಹೆಂಗಸೊಬ್ಬರ ಕಂಪ್ಯೂಟರಿಗೆ ಹಾಕಿಕೊಟ್ಟರು. ಮರುವರ್ಷ ಇನ್ನೊಂದು ಒಯ್ದೆ. ಅದೂ ಬೇರೆಯವರ ಪಾಲಾಯಿತು. ಮೇಷ್ಟ್ರ ಕಂಪ್ಯೂಟರ್ ಮಾತ್ರ ತೂಕಡಿಸುತ್ತಲೇ ಇತ್ತು. ನನಗೆ ನಿಜಕ್ಕೂ ಸಿಟ್ಟು ಬರುತ್ತಿತ್ತು.

ಹೋದ ಮಾರ್ಗಳಿಯಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಈ ಸಲ ನಾನೇ ನಿಂತು ಅವರ ಕಂಪ್ಯೂಟರಿಗೇ ಹಾಕುತ್ತೇನೆಂದು ಹೊಸದೊಂದನ್ನು ಕೊಂಡು ಹೊರಟಿದ್ದೆ. ದಾರಿಯಲ್ಲೇ ಫೋನು ಬಂತು, ಮೇಷ್ಟ್ರು ಹೋಗಿಬಿಟ್ಟರೆಂದು. ಕೊಂಡ ರ‍್ಯಾಮ್ ಇನ್ನೂ ನನ್ನ ಚೀಲದಲ್ಲೇ ಇದೆ. ಬೇಕಾದವರಿಗೆ ಹಾಕಿಕೊಡಬೇಕು, ಅವರಾಗಿದ್ದರೆ ಅದನ್ನೇ ಮಾಡುತ್ತಿದ್ದರು. ನನಗೆ ಇನ್ನೂ ಮನಸ್ಸು ಬಂದಿಲ್ಲ.